ಹಿಂದೆ ಬರುವ ಹಡಗಿಗಾಗಿ: ಕೋಸ್ಟ್ ಗಾರ್ಡ್ ಐಸ್‌ಬ್ರೇಕರ್‌ನ ದುಡಿಮೆಯ ಬದುಕು

ಐಸ್‌ಬ್ರೇಕರ್‌ನ ಚಿತ್ರವನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಅದರ ಮೂತಿಯ ಕಡೆಗೆ. ಕೆಂಪು ಬಣ್ಣದ ಭಾರಿ ಒಡಲು, ಅದರ ಮುಂದೆ ಬಿರುಕು ಬಿಡುತ್ತಿರುವ ಬಿಳಿಯ ಬಯಲು: ಇಷ್ಟರಲ್ಲೇ ಕಥೆ ಮುಗಿಯಿತೆಂದು ಅನಿಸುತ್ತದೆ. ನಾನು ನಿಮ್ಮ ಗಮನವನ್ನು ಹಡಗಿನ ಹಿಂಬದಿಗೆ ಸೆಳೆಯಬೇಕೆಂದಿದ್ದೇನೆ. ಕೋಸ್ಟ್ ಗಾರ್ಡ್‌ನ ಐಸ್‌ಬ್ರೇಕರ್ ತಾನು ಎಲ್ಲಿಗಾದರೂ ಹೋಗಿ ಸೇರಬೇಕೆಂದು ಮಂಜುಗಡ್ಡೆ ಒಡೆಯುವುದು ಅಪರೂಪ. ಅದರ ಹಿಂದೆ ಎಣ್ಣೆಯ ಟ್ಯಾಂಕರ್ ಇರುತ್ತದೆ, ಇಲ್ಲವೇ ಸರಕಿನ ಹಡಗು, ಇಲ್ಲವೇ ಕಬ್ಬಿಣದ ಅದಿರು ಹೊತ್ತ ಹಡಗುಗಳ ಸಾಲು ಇರುತ್ತದೆ. ಆ ಹಡಗು ದಡ ಸೇರಿದಾಗಲೇ ಐಸ್‌ಬ್ರೇಕರ್‌ನ ಕೆಲಸ ಆಯಿತೆಂದು ಲೆಕ್ಕ. ಅಮೆರಿಕದ ಕೋಸ್ಟ್ ಗಾರ್ಡ್‌ನ ಕೆಲವು ಹಡಗುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸುತ್ತೇನೆ.

ಈ ಕೆಲಸ ಕೋಸ್ಟ್ ಗಾರ್ಡ್‌ನ ಪಾಲಿಗೆ ಬಂದದ್ದೇ ವ್ಯಾಪಾರದ ಕಾರಣಕ್ಕೆ. 1936ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಹೊರಡಿಸಿದ 7521ನೆಯ ಕಾರ್ಯಾದೇಶವು, ವಾಣಿಜ್ಯದ ನ್ಯಾಯವಾದ ಅಗತ್ಯಕ್ಕೆ ತಕ್ಕಂತೆ ಬಂದರುಗಳನ್ನೂ ಜಲಮಾರ್ಗಗಳನ್ನೂ ಚಳಿಗಾಲದಲ್ಲಿ ತೆರೆದಿಡುವ ಹೊಣೆಯನ್ನು ಈ ಪಡೆಗೆ ವಹಿಸಿತು. ಆ ಆದೇಶದ ಗುರಿ ಧ್ರುವಪ್ರದೇಶವಾಗಿರಲಿಲ್ಲ. ಹಡ್ಸನ್‌ನಂಥ ನದಿಗಳು ಹೆಪ್ಪುಗಟ್ಟಿದರೆ ಮನೆಗಳನ್ನು ಬೆಚ್ಚಗಿಡುವ ಎಣ್ಣೆಯನ್ನು ಹೊತ್ತ ಬಾರ್ಜ್‌ಗಳು (ಚಪ್ಪಟೆ ತಳದ ಸರಕು ದೋಣಿಗಳು) ನಡುದಾರಿಯಲ್ಲಿ ನಿಂತುಬಿಡುತ್ತವೆ. ಅವು ನಿಲ್ಲಬಾರದು ಎಂಬುದೇ ಮುಖ್ಯ ಕಾಳಜಿಯಾಗಿತ್ತು. ಇಂದಿಗೂ ಅದೇ ನದಿಯಲ್ಲಿ ಕೋಸ್ಟ್ ಗಾರ್ಡ್‌ನ ಸಣ್ಣ ಹಡಗುಗಳು ಪ್ರತಿ ಚಳಿಗಾಲವೂ ಇದೇ ಕೆಲಸ ಮಾಡುತ್ತಿವೆ. ಧ್ರುವಗಳಿಗೆ ಹೋಗುವ ದೊಡ್ಡ ಐಸ್‌ಬ್ರೇಕರ್‌ಗಳ ಪೂರ್ಣ ಹೊಣೆ ಬಂದದ್ದು 1960ರ ದಶಕದ ನಡುವಿನಲ್ಲಿ, ನೌಕಾಪಡೆ ತನ್ನ ಬಳಿಯಿದ್ದ ಐಸ್‌ಬ್ರೇಕರ್‌ಗಳನ್ನು ಕೋಸ್ಟ್ ಗಾರ್ಡ್‌ಗೆ ಒಪ್ಪಿಸಿದಾಗ.

ಇನ್ನು ಹಡಗು ಮಂಜುಗಡ್ಡೆಯನ್ನು ಒಡೆಯುವುದು ಹೇಗೆ ಎಂಬುದನ್ನು ನೋಡೋಣ. ಕೊಡಲಿಯಿಂದ ಮರ ಕಡಿದಂತೆ ಹಡಗು ಮಂಜನ್ನು ಕಡಿಯುತ್ತದೆ ಎಂದು ಅನೇಕರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಈ ಕೆಲಸ ಮಾಡುವುದು ಹಡಗಿನ ಭಾರ. ಮೂತಿಯ ಕೆಳಭಾಗ ಓರೆಯಾಗಿ ಹಿಂದಕ್ಕೆ ಇಳಿದಿರುತ್ತದೆ. ಎಂಜಿನ್‌ಗಳು ತಳ್ಳಿದಾಗ ಮೂತಿಯು ಗಡ್ಡೆಯ ಅಂಚನ್ನು ಹತ್ತಿ ಅದರ ಮೇಲೆ ಕೂರುತ್ತದೆ, ಆ ಭಾರಕ್ಕೆ ಗಡ್ಡೆ ಕೆಳಕ್ಕೆ ಬಾಗಿ ಮುರಿಯುತ್ತದೆ. ಸಮುದ್ರದ ಮಂಜುಗಡ್ಡೆ ಅದುಮುವ ಒತ್ತಡವನ್ನು ಬಹಳಷ್ಟು ತಡೆದುಕೊಳ್ಳಬಲ್ಲದು. ಬಾಗಿಸಿದರೆ ಮಾತ್ರ ಬೇಗ ಸೋಲುತ್ತದೆ. ಐಸ್‌ಬ್ರೇಕರ್‌ನ ವಿನ್ಯಾಸವೆಲ್ಲ ಈ ಒಂದು ದೌರ್ಬಲ್ಯವನ್ನು ಬಳಸಿಕೊಳ್ಳುವ ಜಾಣತನ.

ಸಿಯಾಟಲ್‌ನಲ್ಲಿ ಕಟ್ಟಿ 1976ರಲ್ಲಿ ಸೇವೆಗೆ ಸೇರಿಸಿದ ‘ಪೋಲಾರ್ ಸ್ಟಾರ್’ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 122 ಮೀಟರ್ ಉದ್ದ, 13,000 ಟನ್‌ಗೂ ಮಿಕ್ಕ ತೂಕ, ಮೂರು ಪ್ರೊಪೆಲರ್‌ಗಳು. ಸಾಮಾನ್ಯ ಸಂಚಾರಕ್ಕೆ ಡೀಸೆಲ್ ವಿದ್ಯುತ್ ಎಂಜಿನ್‌ಗಳಿವೆ. ಗಟ್ಟಿ ಮಂಜು ಎದುರಾದಾಗ ಗ್ಯಾಸ್ ಟರ್ಬೈನ್‌ಗಳನ್ನು ಹೂಡಿದರೆ 75,000 ಅಶ್ವಶಕ್ತಿ ಸಿಗುತ್ತದೆ. ಆರು ಅಡಿ ದಪ್ಪದ ಗಡ್ಡೆಯನ್ನು ನಿಲ್ಲದೆ ಒಡೆಯುತ್ತ ಮೂರು ನಾಟ್ ವೇಗದಲ್ಲಿ, ಅಂದರೆ ಮನುಷ್ಯ ಚುರುಕಾಗಿ ನಡೆಯುವ ವೇಗದಲ್ಲಿ, ಮುಂದೆ ಸಾಗಬಲ್ಲದು. ಅದಕ್ಕಿಂತ ದಪ್ಪವಿದ್ದರೆ ಹಡಗನ್ನು ಹಿಂದಕ್ಕೆ ಸರಿಸಿ, ವೇಗ ಕೂಡಿಸಿ, ಬಂದು ಗುದ್ದಿ, ಮೇಲೇರಿ, ಮುರಿದು, ಮತ್ತೆ ಹಿಂದಕ್ಕೆ ಸರಿಯಬೇಕು. ಈ ವಿಧಾನದಲ್ಲಿ 21 ಅಡಿಯವರೆಗಿನ ಮಂಜನ್ನೂ ಒಡೆಯಬಹುದು. ಕೇಳಲು ಪರಾಕ್ರಮದಂತಿದೆ, ಪಾಳಿಯ ಮೇಲೆ ನಿಂತವರಿಗೆ ಇದು ಒಂದೇ ಚಲನೆಯ ಸಾವಿರ ಪುನರಾವರ್ತನೆ. ಪ್ರತಿ ಸಲ ಹಿಂದಕ್ಕೆ ಸರಿಯುವಾಗಲೂ ಒಡೆದ ಚೂರುಗಳು ಪ್ರೊಪೆಲರ್ ಹಾಗೂ ಚುಕ್ಕಾಣಿಯ ಕಡೆಗೆ ನುಗ್ಗುತ್ತವೆ. ಆದ್ದರಿಂದ ಮುನ್ನುಗ್ಗುವುದಕ್ಕಿಂತ ಹಿಂದೆ ಸರಿಯುವುದರಲ್ಲೇ ಹೆಚ್ಚು ಎಚ್ಚರ ಬೇಕು.

ಈ ಒಡಲಿಗೆ ತೆರೆದ ಸಮುದ್ರದಲ್ಲಿ ತೆರಬೇಕಾದ ಬೆಲೆಯೂ ಇದೆ. ಮಂಜಿನ ನಡುವೆ ಸಿಕ್ಕಿಬೀಳದಂತೆ ಐಸ್‌ಬ್ರೇಕರ್‌ನ ತಳವನ್ನು ದುಂಡಗೆ ಮಾಡಿರುತ್ತಾರೆ. ಅದೇ ದುಂಡುತನದಿಂದಾಗಿ, ದಕ್ಷಿಣ ಮಹಾಸಾಗರದ ದೊಡ್ಡ ಅಲೆಗಳಲ್ಲಿ ಹಡಗು ಎಡಕ್ಕೂ ಬಲಕ್ಕೂ ವಿಪರೀತ ಹೊರಳಾಡುತ್ತದೆ. ಅಲ್ಲಿಂದ ಮಂಜಿನೊಳಗೆ ಹೊಕ್ಕ ಮೇಲೆ ಹೊರಳಾಟ ನಿಂತು ಸದ್ದು ಆರಂಭವಾಗುತ್ತದೆ. ಉಕ್ಕಿನ ಮೇಲೆ ಮಂಜು ಉಜ್ಜುವ ಆ ಸದ್ದು ಹಗಲು ರಾತ್ರಿ ಬಿಡದೆ ಮಲಗುವ ಕೋಣೆಯ ಗೋಡೆಯಾಚೆಯಿಂದ ಕೇಳುತ್ತಿರುತ್ತದೆ. ಹೊರಗಿನವರು ಊಹಿಸದ ಇನ್ನೊಂದು ತೊಂದರೆ ಎಂಜಿನ್ ಕೋಣೆಯಲ್ಲಿದೆ. ಎಂಜಿನ್‌ಗಳನ್ನು ತಣಿಸಲು ಸಮುದ್ರದ ನೀರನ್ನು ಒಳಗೆಳೆಯುವ ಬಾಯಿಗಳಿಗೆ ಮಂಜಿನ ಹುಡಿ ಕಟ್ಟಿಕೊಂಡರೆ, ಸುತ್ತಲೂ ಹೆಪ್ಪುಗಟ್ಟುವ ನೀರಿದ್ದರೂ ಎಂಜಿನ್ ಬಿಸಿಯೇರಿ ನಿಲ್ಲಬೇಕಾಗುತ್ತದೆ. ಇದನ್ನು ತಪ್ಪಿಸಲು, ಎಂಜಿನ್ ಬಿಸಿಮಾಡಿ ಹೊರಬಿಟ್ಟ ನೀರನ್ನೇ ಆ ಬಾಯಿಗಳಿಗೆ ತಿರುಗಿಸಿ ಮಂಜನ್ನು ಕರಗಿಸುವ ಏರ್ಪಾಡು ಮಾಡಿರುತ್ತಾರೆ.

ಈಗ ನಾನು ಮೊದಲು ಹೇಳಿದ ಹಿಂಬದಿಯ ವಿಷಯಕ್ಕೆ ಬರುತ್ತೇನೆ. ಇದನ್ನು ವಿವರಿಸಲು ಅಲಾಸ್ಕಾದ ನೋಮ್ ಪಟ್ಟಣದ ಪ್ರಕರಣಕ್ಕಿಂತ ಉತ್ತಮವಾದದ್ದು ನನಗೆ ಕಂಡಿಲ್ಲ. ಬೇರಿಂಗ್ ಸಮುದ್ರದ ದಡದ ಈ ಪಟ್ಟಣದಲ್ಲಿ ಸುಮಾರು 3,500 ಜನರಿದ್ದಾರೆ. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯಿಲ್ಲ. ಚಳಿಗಾಲಕ್ಕೆ ಬೇಕಾದ ಇಂಧನ ಸಮುದ್ರ ಹೆಪ್ಪುಗಟ್ಟುವ ಮೊದಲೇ ಬಾರ್ಜ್‌ನಲ್ಲಿ ಬಂದು ಸೇರಬೇಕು. 2011ರ ನವೆಂಬರ್‌ನಲ್ಲಿ ಎದ್ದ ಭಾರಿ ಬಿರುಗಾಳಿಯಿಂದಾಗಿ ಆ ವರ್ಷದ ಕೊನೆಯ ಸರಬರಾಜು ತಪ್ಪಿಹೋಯಿತು. ಅಷ್ಟರಲ್ಲಿ ಸಮುದ್ರ ಮುಚ್ಚಿಕೊಂಡಿತು. ವಿಮಾನದಲ್ಲಿ ಇಂಧನ ತರಬಹುದಿತ್ತು, ಆದರೆ ಅದಕ್ಕೆ ತಗಲುವ ಖರ್ಚು ಕೊನೆಗೆ ಪಟ್ಟಣದ ಜನರ ಮೇಲೇ ಬೀಳುತ್ತಿತ್ತು. ಕೊನೆಗೆ ‘ರೆಂಡಾ’ ಎಂಬ ರಷ್ಯದ ಟ್ಯಾಂಕರ್ 13 ಲಕ್ಷ ಗ್ಯಾಲನ್, ಅಂದರೆ ಸುಮಾರು 49 ಲಕ್ಷ ಲೀಟರ್, ಡೀಸೆಲ್ ಮತ್ತು ಪೆಟ್ರೋಲ್ ಹೊತ್ತು ಬರುವುದೆಂದು ತೀರ್ಮಾನವಾಯಿತು. ಅಮೆರಿಕದ ಎರಡು ಬಂದರುಗಳ ನಡುವೆ ವಿದೇಶಿ ಹಡಗು ಸರಕು ಸಾಗಿಸುವುದನ್ನು ತಡೆಯುವ ಕಾನೂನಿಗೆ ಅದಕ್ಕಾಗಿ ವಿಶೇಷ ವಿನಾಯಿತಿ ಕೊಡಬೇಕಾಯಿತು. ಮುಂದೆ ದಾರಿ ಮಾಡಲು ಕೋಸ್ಟ್ ಗಾರ್ಡ್‌ನ ‘ಹೀಲಿ’ ಇತ್ತು. ಆ ಹೊತ್ತಿನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ನ ಬಳಿ ಧ್ರುವಸಮುದ್ರಕ್ಕೆ ಹೋಗುವ ಸ್ಥಿತಿಯಲ್ಲಿದ್ದ ಐಸ್‌ಬ್ರೇಕರ್ ಅದೊಂದೇ. ಅದೂ ಉತ್ತರದಲ್ಲಿ ತಿಂಗಳುಗಟ್ಟಲೆ ದುಡಿದು ಮನೆಗೆ ಮರಳುವ ಹಂತದಲ್ಲಿತ್ತು.

ನೋಮ್ ತಲುಪಲು ಸುಮಾರು 300 ಮೈಲಿಗಳಷ್ಟು ಮಂಜಿನಲ್ಲಿ ಸಾಗಬೇಕಿತ್ತು. ಹೀಲಿಯೊಂದೇ ಆಗಿದ್ದರೆ ಅದು ಅಷ್ಟು ಕಷ್ಟದ ಪ್ರಯಾಣವಾಗುತ್ತಿರಲಿಲ್ಲ. ಕಷ್ಟ ಬಂದದ್ದು ರೆಂಡಾಗೆ ಮಾಡಿಕೊಟ್ಟ ದಾರಿ ಉಳಿಯದೆ ಹೋದದ್ದರಿಂದ. ಗಾಳಿ ಮತ್ತು ಪ್ರವಾಹಗಳು ಮಂಜಿನ ಹಾಸನ್ನು ಒಂದು ಕಡೆಯಿಂದ ಒತ್ತುತ್ತಿದ್ದರೆ ಒಡೆದ ಕಾಲುವೆ ಹಡಗಿನ ಬೆನ್ನ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಹೀಲಿ ಮುಂದೆ ಹೋಗುವುದು, ರೆಂಡಾ ನಡುವೆ ಸಿಕ್ಕಿಬೀಳುವುದು, ಹೀಲಿ ಸುತ್ತಿಬಂದು ಅದರ ಪಕ್ಕದ ಮಂಜನ್ನು ಒಡೆದು ಒತ್ತಡ ಸಡಿಲಿಸುವುದು, ಮತ್ತೆ ಮುಂದೆ ಹೋಗುವುದು, ಹೀಗೆ ದಿನಗಳು ಕಳೆದವು. ಕೆಲವು ದಿನ ಪ್ರಗತಿ ಇಲ್ಲವೆಂಬಷ್ಟು ಅಲ್ಪ. ಇಂಥ ಸಂದರ್ಭದಲ್ಲಿ ಎರಡು ಹಡಗುಗಳ ನಡುವಿನ ಅಂತರವೇ ಎಲ್ಲಕ್ಕಿಂತ ಸೂಕ್ಷ್ಮವಾದ ಲೆಕ್ಕ. ದೂರವಿದ್ದರೆ ದಾರಿ ಮುಚ್ಚಿಕೊಳ್ಳುತ್ತದೆ. ತೀರ ಹತ್ತಿರವಿದ್ದರೆ, ಮುಂದಿನ ಹಡಗು ಗಟ್ಟಿ ಗಡ್ಡೆಗೆ ತಾಗಿ ಥಟ್ಟನೆ ನಿಂತಾಗ, ಎಣ್ಣೆ ತುಂಬಿದ ಹಿಂದಿನ ಹಡಗು ಅದಕ್ಕೆ ಬಂದು ಗುದ್ದುತ್ತದೆ. ಮಂಜಿನ ಕಾಲುವೆಯಲ್ಲಿ ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಆದ್ದರಿಂದ ಬೆಂಗಾವಲಿನ ವೇಳೆ ಐಸ್‌ಬ್ರೇಕರ್‌ನ ಅಧಿಕಾರಿ ಮುಂದಿನ ಮಂಜನ್ನು ನೋಡಿದಷ್ಟೇ ಹಿಂದಿನ ಹಡಗನ್ನೂ ನೋಡುತ್ತಿರಬೇಕು.

2012ರ ಜನವರಿ ನಡುವಿನಲ್ಲಿ ಎರಡೂ ಹಡಗುಗಳು ನೋಮ್ ಮುಂದೆ ಬಂದು ನಿಂತವು. ಇಲ್ಲಿ ನನಗೆ ಬಹಳ ಇಷ್ಟವಾದ ವಿವರವೊಂದಿದೆ. ಟ್ಯಾಂಕರ್ ದಡದವರೆಗೆ ಬರಲಾಗದ್ದರಿಂದ ಮಂಜಿನ ಮೇಲೆ ಕೊಳವೆ ಹಾಸಿ ಇಂಧನ ಸಾಗಿಸಬೇಕಿತ್ತು. ಆದರೆ ಹಡಗು ಬಂದದ್ದರಿಂದ ಸುತ್ತಲಿನ ಗಡ್ಡೆಯೆಲ್ಲ ಒಡೆದು ಸಡಿಲವಾಗಿತ್ತು. ಅದರ ಮೇಲೆ ಕೆಲಸಗಾರರನ್ನು ಇಳಿಸುವಂತಿರಲಿಲ್ಲ. ಹೀಗಾಗಿ ಅಷ್ಟು ದೂರ ಮಂಜು ಒಡೆದುಕೊಂಡು ಬಂದವರು, ಅದೇ ಮಂಜು ಮತ್ತೆ ಹೆಪ್ಪುಗಟ್ಟಿ ಗಟ್ಟಿಯಾಗಲೆಂದು ಕಾದು ಕುಳಿತರು. ಗಟ್ಟಿಯಾದ ಮೇಲೆ ಕೊಳವೆ ಹಾಸಿ, ಕೆಲವು ದಿನಗಳಲ್ಲಿ ಇಂಧನವನ್ನೆಲ್ಲ ಪಟ್ಟಣದ ತೊಟ್ಟಿಗಳಿಗೆ ಇಳಿಸಿದರು. ಅಲ್ಲಿಗೆ ಮುಗಿಯಲಿಲ್ಲ, ಖಾಲಿಯಾದ ಟ್ಯಾಂಕರನ್ನು ಅದೇ ದಾರಿಯಲ್ಲಿ ತೆರೆದ ನೀರಿನವರೆಗೆ ಬಿಟ್ಟುಬರುವ ಕೆಲಸ ಇನ್ನೂ ಉಳಿದಿತ್ತು. ಸುದ್ದಿಪತ್ರಿಕೆಗಳು ಸಾಮಾನ್ಯವಾಗಿ ಈ ಮರುಪ್ರಯಾಣವನ್ನು ಬರೆಯುವುದಿಲ್ಲ.

ಒಡೆಯುವುದು, ಒಡೆಯದೆ ಬಿಡುವುದು ಎಂಬ ಈ ಪ್ರಶ್ನೆ ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿರುವ ಗ್ರೇಟ್ ಲೇಕ್ಸ್ ಸರೋವರಗಳಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಸ್ವಲ್ಪ ಆ ಕಡೆಗೆ ತಿರುಗುತ್ತೇನೆ. ಮಿನೆಸೋಟದ ಗಣಿಗಳ ಕಬ್ಬಿಣದ ಅದಿರು ಡುಲೂತ್ ಮುಂತಾದ ಬಂದರುಗಳಿಂದ ಹೊರಟು, ಹಡಗುಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಬಾಗಿಲುಗಳ ಕಾಲುವೆಯಾದ ಸೂ ಲಾಕ್ಸ್ ದಾಟಿ, ಕೆಳಗಿನ ಸರೋವರಗಳ ದಡದ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕು. ಸಾಮಾನ್ಯವಾಗಿ ಜನವರಿ 15ರಿಂದ ಮಾರ್ಚ್ 25ರವರೆಗೆ ಲಾಕ್‌ಗಳು ದುರಸ್ತಿಗಾಗಿ ಮುಚ್ಚಿರುತ್ತವೆ. ಆ ಅವಧಿಯ ಎರಡೂ ಬದಿಯಲ್ಲಿ, ಅಂದರೆ ಮುಚ್ಚುವ ಮೊದಲಿನ ಅವಸರದಲ್ಲಿ ಮತ್ತು ತೆರೆದ ಕೂಡಲೇ ಬರುವ ನೂಕುನುಗ್ಗಲಿನಲ್ಲಿ, ‘ಮ್ಯಾಕಿನಾ’ ಎಂಬ ಐಸ್‌ಬ್ರೇಕರ್‌ಗೂ ಅದರ ಜೊತೆಯ ಚಿಕ್ಕ ಟಗ್‌ಗಳಿಗೂ ಬಿಡುವೇ ಇರುವುದಿಲ್ಲ. ಕೆನಡಾದ ಕೋಸ್ಟ್ ಗಾರ್ಡ್ ಹಡಗುಗಳೂ ಈ ಕೆಲಸದಲ್ಲಿ ಕೈಜೋಡಿಸುತ್ತವೆ. ಮಂಜಿಗೆ ಗಡಿಯಿಲ್ಲದಿರುವುದರಿಂದ ಎರಡು ದೇಶಗಳು ಹಡಗುಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. 2014ರ ಮಾರ್ಚ್ ಮೊದಲ ವಾರದಲ್ಲಿ ಈ ಸರೋವರಗಳ ಮೇಲ್ಮೈಯಲ್ಲಿ ಶೇಕಡ 92ಕ್ಕೂ ಹೆಚ್ಚು ಭಾಗ ಹೆಪ್ಪುಗಟ್ಟಿತ್ತು. ಆ ವಸಂತದಲ್ಲಿ ಅದಿರಿನ ಹಡಗುಗಳನ್ನು ಒಂದೊಂದಾಗಿ ಬಿಡಲಾಗದೆ ಸಾಲುಗಟ್ಟಿ ಕರೆದೊಯ್ಯಬೇಕಾಯಿತು.

ಆದರೆ ಅದೇ ಸರೋವರಗಳಲ್ಲಿ ದ್ವೀಪವಾಸಿಗಳಿದ್ದಾರೆ. ಮ್ಯಾಕಿನಾ ದ್ವೀಪದ ಜನರಿಗೆ ಚಳಿ ಜೋರಾದ ವರ್ಷ ಒಂದು ಸೌಕರ್ಯ ದೊರೆಯುತ್ತದೆ: ದ್ವೀಪಕ್ಕೂ ದಡಕ್ಕೂ ನಡುವಿನ ನೀರು ಹೆಪ್ಪುಗಟ್ಟಿ ಸೇತುವೆಯಾಗುತ್ತದೆ. ಕ್ರಿಸ್‌ಮಸ್ ಮುಗಿದ ಮೇಲೆ ಬಿಸಾಡುವ ಅಲಂಕಾರದ ಮರಗಳನ್ನು ಅವರು ಆ ಮಂಜಿನ ಮೇಲೆ ಸಾಲಾಗಿ ನೆಟ್ಟು ದಾರಿಯ ಗುರುತು ಮಾಡಿಕೊಂಡು, ಹಿಮವಾಹನಗಳಲ್ಲಿ ಓಡಾಡುತ್ತಾರೆ. ಆ ದಾರಿಗೆ ಅಡ್ಡವಾಗಿ ಐಸ್‌ಬ್ರೇಕರ್ ಒಮ್ಮೆ ಹಾದರೆ ಸಾಕು, ಒಬ್ಬರಿಗೆ ದಾರಿಯಾದದ್ದು ಇನ್ನೊಬ್ಬರಿಗೆ ಹೊಂಡವಾಗುತ್ತದೆ. ಆದ್ದರಿಂದ ಕೋಸ್ಟ್ ಗಾರ್ಡ್ ಕೆಲವು ಜಲಮಾರ್ಗಗಳನ್ನು ಹಡಗುಗಳಿಗೆ ಮುಚ್ಚಿ ಮಂಜನ್ನು ಹಾಗೆಯೇ ಬಿಡುತ್ತದೆ, ಒಡೆಯಲೇಬೇಕಾದಾಗ ಮುಂಚಿತವಾಗಿ ಸಾರಿ ಹೇಳುತ್ತದೆ. ಐಸ್‌ಬ್ರೇಕರ್‌ನ ಕ್ಯಾಪ್ಟನ್ ತನ್ನ ಹಡಗನ್ನು ಎಲ್ಲಿ ತೂರಿಸಬಾರದು ಎಂಬುದನ್ನೂ ತಿಳಿದಿರಬೇಕು. ನನ್ನ ದೃಷ್ಟಿಯಲ್ಲಿ ಈ ಕಸುಬಿನ ಅತ್ಯಂತ ನಾಗರಿಕವಾದ ಭಾಗ ಇದೇ.

ಇನ್ನು ದಕ್ಷಿಣದ ತುದಿಗೆ ಹೋಗೋಣ. ಅಂಟಾರ್ಕ್ಟಿಕಾದ ರಾಸ್ ದ್ವೀಪದಲ್ಲಿರುವ ಅಮೆರಿಕದ ಸಂಶೋಧನಾ ಕೇಂದ್ರವಾದ ಮೆಕ್‌ಮರ್ಡೊ ನೆಲೆಗೆ ವರ್ಷದ ಇಂಧನವೂ ಸರಕಿನ ಬಹುಪಾಲೂ ಬರುವುದು ಕೆಲವೇ ಹಡಗುಗಳಲ್ಲಿ: ಒಂದು ಟ್ಯಾಂಕರ್, ಜೊತೆಗೆ ಒಂದೆರಡು ಸರಕಿನ ಹಡಗು. ದಕ್ಷಿಣ ಧ್ರುವದ ಮೇಲಿರುವ ನೆಲೆಗೂ ಇಲ್ಲಿಂದಲೇ ಇಂಧನ ಹೋಗಬೇಕು. ಈ ಹಡಗುಗಳು ಬರುವ ಮೊದಲು, ಜನವರಿಯಲ್ಲಿ, ಪೋಲಾರ್ ಸ್ಟಾರ್ ದಡಕ್ಕೆ ಅಂಟಿಕೊಂಡ ಮಂಜಿನ ಮೂಲಕ ನೆಲೆಯವರೆಗೆ ಕಾಲುವೆ ಕೊರೆಯುತ್ತದೆ. ‘ಆಪರೇಷನ್ ಡೀಪ್ ಫ್ರೀಜ್’ ಎಂದು ಇದಕ್ಕೆ ಹೆಸರು. ಮೊದಲ ಸಲ ಕೊರೆದ ಕಾಲುವೆಯಿಂದ ಪ್ರಯೋಜನ ಕಡಮೆ. ಅದನ್ನು ಅಗಲಿಸಬೇಕು, ಅದರ ಕೊನೆಯಲ್ಲಿ ದೊಡ್ಡ ಹಡಗುಗಳು ತಿರುಗಲು ಜಾಗ ಮಾಡಬೇಕು, ಚೂರುಗಳನ್ನು ಮತ್ತೆ ಮತ್ತೆ ಅರೆದು ಸಣ್ಣದು ಮಾಡಬೇಕು. ದಕ್ಷಿಣದಿಂದ ಗಾಳಿ ಬೀಸಿದರೆ ಆ ಚೂರುಗಳು ತೆರೆದ ಸಮುದ್ರಕ್ಕೆ ತೇಲಿಹೋಗಿ ಕಾಲುವೆ ತಾನಾಗಿ ಶುಚಿಯಾಗುತ್ತದೆ. ಗಾಳಿ ತಿರುಗಿದರೆ ಎಲ್ಲ ಚೂರೂ ಕಾಲುವೆಯಲ್ಲೇ ಕೂತು ಮತ್ತೆ ಬೆಸೆದುಕೊಳ್ಳುತ್ತದೆ. ನಿನ್ನೆಯ ಕೆಲಸ ಇವತ್ತು ಮೊದಲಿನಿಂದ.

ಕಾಲುವೆಯ ಕೊನೆಯಲ್ಲಿ ಹಡಗುಗಳು ನಿಲ್ಲುವ ಚಿಕ್ಕ ಕೊಲ್ಲಿಯ ಹೆಸರು ವಿಂಟರ್ ಕ್ವಾರ್ಟರ್ಸ್ ಬೇ. ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್‌ನ ‘ಡಿಸ್ಕವರಿ’ ಹಡಗು 1902ರಲ್ಲಿ ಅಲ್ಲಿ ಲಂಗರು ಹಾಕಿ, ಎರಡು ಚಳಿಗಾಲ ಮಂಜಿನಲ್ಲಿ ಸೆರೆಯಾಗಿ ಉಳಿಯಿತು. 1904ರ ಫೆಬ್ರವರಿಯಲ್ಲಿ, ನೆರವಿಗೆ ಬಂದ ‘ಮಾರ್ನಿಂಗ್’ ಮತ್ತು ‘ಟೆರಾ ನೋವಾ’ ಹಡಗುಗಳ ಒತ್ತಾಸೆಯೂ ಸ್ಫೋಟಕಗಳೂ ಸಮುದ್ರದ ದೊಡ್ಡ ಅಲೆಗಳೂ ಸೇರಿ ಅದನ್ನು ಬಿಡಿಸಿದವು. ಇಂದಿಗೂ ಪರಿಸ್ಥಿತಿ ಪೂರ್ಣವಾಗಿ ಮನುಷ್ಯನ ಕೈಯಲ್ಲಿಲ್ಲ. 2000ದ ಮಾರ್ಚ್‌ನಲ್ಲಿ ನೆಲದಿಂದ ಸಮುದ್ರದ ಮೇಲೆ ಚಾಚಿಕೊಂಡಿರುವ ರಾಸ್ ಹಿಮಚಾಚಿನಿಂದ ಕಳಚಿಕೊಂಡ ಬಿ-15 ಎಂಬ ಹಿಮಬಂಡೆ ಸುಮಾರು 11,000 ಚದರ ಕಿಲೋಮೀಟರ್ ವಿಸ್ತಾರವಿತ್ತು. ಅದರ ತುಂಡುಗಳು ರಾಸ್ ದ್ವೀಪದ ಬಳಿ ಅಡ್ಡ ನಿಂತದ್ದರಿಂದ ಹಳೆಯ ಮಂಜು ಹೊರಹೋಗಲು ದಾರಿಯಿಲ್ಲದೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು. ಒಂದು ಐಸ್‌ಬ್ರೇಕರ್ ಸಾಲದಾಯಿತು. 2005ರಲ್ಲಿ ರಷ್ಯದ ‘ಕ್ರಾಸಿನ್’ ಅನ್ನೂ, ಮುಂದಿನ ವರ್ಷಗಳಲ್ಲಿ ಸ್ವೀಡನ್ನಿನ ‘ಓಡೆನ್’ ಅನ್ನೂ ಬಾಡಿಗೆಗೆ ಕರೆಸಬೇಕಾಯಿತು.

ಬಾಡಿಗೆಯ ಮಾತು ಬಂದದ್ದರಿಂದ ಹಡಗಿನ ವಯಸ್ಸಿನ ವಿಷಯವನ್ನು ಹೇಳಲೇಬೇಕು. ಪೋಲಾರ್ ಸ್ಟಾರ್‌ನ ಅವಳಿ ‘ಪೋಲಾರ್ ಸೀ’ 2010ರಲ್ಲಿ ಎಂಜಿನ್ ಕೆಟ್ಟು ನಿಂತುಹೋಯಿತು. ಅಲ್ಲಿಂದಾಚೆಗೆ ಅದು ತನ್ನ ಅವಳಿಗೆ ಬಿಡಿಭಾಗಗಳ ಉಗ್ರಾಣ. ಹೊಸದಾಗಿ ತಯಾರಾಗದ ಭಾಗಗಳನ್ನು ಅದರಿಂದ ಬಿಚ್ಚಿ ಇದಕ್ಕೆ ಜೋಡಿಸುತ್ತಾರೆ. ಪೋಲಾರ್ ಸ್ಟಾರ್ ಕೂಡ 2006ರಿಂದ ಕೆಲವು ವರ್ಷ ಕಟ್ಟಿಹಾಕಿದ ಸ್ಥಿತಿಯಲ್ಲಿದ್ದು, ದೊಡ್ಡ ದುರಸ್ತಿಯ ನಂತರ ಸೇವೆಗೆ ಮರಳಿತು. 2019ರ ಪ್ರಯಾಣವನ್ನು ನೋಡಿ. ಹೋಗುವಾಗ ಕುಡಿಯುವ ನೀರು ತಯಾರಿಸುವ ಯಂತ್ರಗಳಲ್ಲಿ ಒಂದು ಕೈಕೊಟ್ಟಿತು. ಮಂಜಿನ ನಡುವೆ ಪ್ರೊಪೆಲರ್ ಶಾಫ್ಟ್‌ನ ಸೀಲ್ ಸೋರಿ ಸಮುದ್ರದ ನೀರು ಒಳನುಗ್ಗಿದಾಗ, ಮುಳುಗುಗಾರರು ಆ ಹೆಪ್ಪುಗಟ್ಟುವ ನೀರಿಗೆ ಇಳಿದು ಹೊರಗಿನಿಂದ ತೇಪೆ ಹಾಕಿದರು. ಇಡೀ ಹಡಗಿನ ವಿದ್ಯುತ್ ಹೋದಾಗ ಯಂತ್ರಗಳನ್ನೆಲ್ಲ ನಿಲ್ಲಿಸಿ ಮತ್ತೆ ಚಾಲೂ ಮಾಡಲು ಒಂಬತ್ತು ಗಂಟೆ ಹಿಡಿಯಿತು. ಇಷ್ಟರ ನಡುವೆ ಅವರು ಆರರಿಂದ ಹತ್ತು ಅಡಿ ದಪ್ಪದ ಮಂಜಿನಲ್ಲಿ 16.5 ನಾಟಿಕಲ್ ಮೈಲಿ ಉದ್ದದ ದಾರಿ ಕೊರೆದರು. ಹಿಂದಿರುಗುವಾಗ ಫೆಬ್ರವರಿ 10ರಂದು ಕಸ ಸುಡುವ ಕುಲುಮೆಯ ಕೋಣೆಗೆ ಬೆಂಕಿ ಹತ್ತಿಕೊಂಡಿತು. ನೆರವಿಗೆ ಬರಬಲ್ಲ ಹಡಗು ಎಲ್ಲೋ ದೂರದಲ್ಲಿರುವ ಜಾಗದಲ್ಲಿ ಬೆಂಕಿ ಆರಿಸಬೇಕಾದವರು ಹಡಗಿನವರೇ; ಸುಮಾರು ಎರಡು ಗಂಟೆ ಹೋರಾಡಿ ಆರಿಸಿದರು. ಅದೇ ಜನವರಿಯಲ್ಲಿ ಅಮೆರಿಕ ಸರ್ಕಾರದ ಹಣಕಾಸು ಸ್ಥಗಿತಗೊಂಡು ಕೋಸ್ಟ್ ಗಾರ್ಡ್ ಸಿಬ್ಬಂದಿಗೆ ಸಂಬಳ ತಪ್ಪಿತ್ತು. ಅಂಟಾರ್ಕ್ಟಿಕಾದ ಮಂಜಿನಲ್ಲಿ ಸೋರುವ ಹಡಗಿನೊಂದಿಗೆ ಸೆಣಸುತ್ತಿದ್ದವರು ಮನೆಯವರ ಬಾಡಿಗೆ ಹೇಗೆ ತೀರೀತೆಂದೂ ಯೋಚಿಸಬೇಕಾಯಿತು.

ಸಹಾಯದ ಕರೆ ಬಂದಾಗ ಇದೇ ಹಳೆಯ ಹಡಗು ದಾರಿ ಬದಲಿಸಿ ಹೋಗಿದ್ದೂ ಉಂಟು. 2015ರ ಫೆಬ್ರವರಿಯಲ್ಲಿ ‘ಅಂಟಾರ್ಕ್ಟಿಕ್ ಚೀಫ್‌ಟನ್’ ಎಂಬ ಆಸ್ಟ್ರೇಲಿಯಾದ ಮೀನುಗಾರಿಕಾ ಹಡಗಿನ ಪ್ರೊಪೆಲರ್‌ನ ನಾಲ್ಕರಲ್ಲಿ ಮೂರು ಅಲಗುಗಳು ಮಂಜಿಗೆ ತಾಗಿ ಹಾಳಾದಾಗ, ಪೋಲಾರ್ ಸ್ಟಾರ್ ಮೆಕ್‌ಮರ್ಡೊದಿಂದ ನೂರಾರು ಮೈಲಿ ಸಾಗಿ ಅದನ್ನು ದಟ್ಟ ಮಂಜಿನಿಂದ ಎಳೆದು ಹೊರತಂದಿತು.

ವಿಜ್ಞಾನದ ಕೆಲಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಅದರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಮಾತನಾಡಬಲ್ಲರು. ಹೀಲಿಯನ್ನು ಮುಖ್ಯವಾಗಿ ಸಂಶೋಧನೆಗಾಗಿಯೇ ಕಟ್ಟಿದ್ದು. 2015ರಲ್ಲಿ ಬೇರೆ ಹಡಗಿನ ಜೊತೆಯಿಲ್ಲದೆ ಉತ್ತರ ಧ್ರುವ ತಲುಪಿದ ಮೊದಲ ಅಮೆರಿಕನ್ ಮೇಲ್ಮೈ ನೌಕೆ ಅದು. 2008ರಿಂದ 2011ರವರೆಗೆ ಅದು ಕೆನಡಾದ ‘ಲೂಯಿ ಎಸ್. ಸೇಂಟ್ ಲಾರೆಂಟ್’ ಜೊತೆ ಆರ್ಕ್ಟಿಕ್ ತಳದ ಸಮೀಕ್ಷೆ ಮಾಡಿತು. ಒಂದು ಹಡಗು ಅಳೆಯುವಾಗ ಇನ್ನೊಂದು ಮುಂದೆ ಹೋಗಿ ಮಂಜು ಒಡೆಯಬೇಕಿತ್ತು, ಏಕೆಂದರೆ ಮಂಜು ಒಡೆಯುವ ಸದ್ದಿನಲ್ಲಿ ತಳದಿಂದ ಮರಳುವ ಪ್ರತಿಧ್ವನಿ ಸರಿಯಾಗಿ ಕೇಳುವುದಿಲ್ಲ. ಕೆನಡಾದ ಹಡಗು ತನ್ನ ಹಿಂದೆ ಭೂಕಂಪನ ಮಾಪನದ ಉದ್ದನೆಯ ತಂತಿಯನ್ನು ಎಳೆಯುವಾಗ ಹೀಲಿ ಮುಂದೆ. ಹೀಲಿ ತಳದ ನಕ್ಷೆ ತೆಗೆಯುವಾಗ ಕೆನಡಾದ್ದು ಮುಂದೆ.

ಹೊಸ ಹಡಗುಗಳು ಯಾವಾಗ ಬರುತ್ತವೆ ಎಂಬ ಪ್ರಶ್ನೆ ಸಹಜ. ಹೊಸ ಭಾರಿ ಐಸ್‌ಬ್ರೇಕರ್‌ಗೆ 2019ರಲ್ಲೇ ಒಪ್ಪಂದವಾಗಿ, 2024ರಲ್ಲಿ ಅದು ಸಿದ್ಧವಾಗಬೇಕಿತ್ತು. ಆಗಲಿಲ್ಲ. ಅಷ್ಟು ದಪ್ಪದ, ಅಷ್ಟು ಗಟ್ಟಿಯಾದ ಉಕ್ಕಿನ ಒಡಲನ್ನು ಬೆಸೆಯುವ ಅನುಭವವೇ ಅಮೆರಿಕದ ಹಡಗುಕಟ್ಟೆಗಳಲ್ಲಿ ದಶಕಗಳಿಂದ ಬತ್ತಿಹೋಗಿತ್ತು, ಏಕೆಂದರೆ ಹಿಂದಿನ ಭಾರಿ ಐಸ್‌ಬ್ರೇಕರ್ ಕಟ್ಟಿದವರ ತಲೆಮಾರು ಎಂದೋ ನಿವೃತ್ತವಾಗಿತ್ತು. ಈ ನಡುವೆ ಅಲಾಸ್ಕಾದ ತೈಲ ಶೋಧನೆಗೆಂದು ಕಟ್ಟಿದ್ದ ಖಾಸಗಿ ಹಡಗೊಂದನ್ನು 12.5 ಕೋಟಿ ಡಾಲರ್‌ಗೆ ಕೊಂಡು, ‘ಸ್ಟೋರಿಸ್’ ಎಂದು ಹೆಸರಿಟ್ಟು 2025ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿಸಿದ್ದಾರೆ. ಪೋಲಾರ್ ಸ್ಟಾರ್‌ನ ಆಯುಷ್ಯ ಹೆಚ್ಚಿಸುವ ದುರಸ್ತಿಯನ್ನು 2021ರಿಂದ ಐದು ಕಂತುಗಳಲ್ಲಿ ಮಾಡಲಾಯಿತು. ಅಂಟಾರ್ಕ್ಟಿಕಾದಿಂದ ವಸಂತದಲ್ಲಿ ಮರಳಿದ ಹಡಗು ತನ್ನ ನೆಲೆಯಾದ ಸಿಯಾಟಲ್‌ಗೆ ಹೋಗದೆ, ನೇರವಾಗಿ ಕ್ಯಾಲಿಫೋರ್ನಿಯಾದ ವ್ಯಾಲೆಹೋದ ಡ್ರೈ ಡಾಕ್ (ನೀರು ಬಸಿದು ಹಡಗು ದುರಸ್ತಿ ಮಾಡುವ ಕಟ್ಟೆ) ಹತ್ತುತ್ತಿತ್ತು. ಬೇಸಿಗೆಯೆಲ್ಲ ಅಲ್ಲಿ ಬಿಚ್ಚುವುದು, ಬದಲಿಸುವುದು, ಜೋಡಿಸುವುದು. ಸಿಬ್ಬಂದಿ ಹಡಗಿನ ಜೊತೆಗೇ ಇರಬೇಕಾದ್ದರಿಂದ ಆ ವರ್ಷಗಳಲ್ಲಿ ಅವರು ಮನೆಯಲ್ಲಿದ್ದ ದಿನಗಳು ಬಹಳ ಕಡಮೆ. ದುರಸ್ತಿ ಮುಗಿಯುವ ಹೊತ್ತಿಗೆ ಮುಂದಿನ ನವೆಂಬರ್ ಹತ್ತಿರವಾಗಿರುತ್ತಿತ್ತು, ಮೆಕ್‌ಮರ್ಡೊಗೆ ಹೋಗಬೇಕಾದ ಟ್ಯಾಂಕರ್‌ನ ದಿನಾಂಕ ಆಗಲೇ ನಿಗದಿಯಾಗಿರುತ್ತಿತ್ತು.